ಹೆಣಕ್ಕೆ ಜಾತಿ ಇಲ್ಲ, ಗುದ್ದಲಿಗೆ ಇದೆ

*ಇಂದಿನ ಚಿಂತನೆ*



ಹೋದ ಭಾನುವಾರ ನಮ್ಮ ಅಧ್ಯಯನ ಬಳಗದಲ್ಲಿ ಕಿಸಾ ಗೋತಮಿಯ ಕಥೆ ಓದಿದೆವು. ಸತ್ತ ಮಗುವನ್ನು ಎದೆಗವಚಿಕೊಂಡು ಬಂದ ತಾಯಿಗೆ ಭಗವಾನ್ ಬುದ್ಧರು, ಸಾವು ಕಾಣದ ಮನೆಯಿಂದ ಸಾಸಿವೆ ತಾ ಎನ್ನುತ್ತಾರೆ. ಆಕೆ ಮನೆ ಮನೆ ತಿರುಗುತ್ತಾಳೆ. ಸಾಸಿವೆ ಎಲ್ಲರ ಮನೆಯಲ್ಲೂ ಇದೆ. ಸಾವು ಕಾಣದ ಮನೆ ಮಾತ್ರ ಒಂದೂ ಇಲ್ಲ.

ಓದು ಮುಗಿದ ಮೇಲೆ ಹಿರಿಯ ಉಪಾಸಕರೊಬ್ಬರು ಒಂದು ಪ್ರಶ್ನೆ ಕೇಳಿದರು. "ಸಾವು ಎಲ್ಲರ ಮನೆಗೂ ಬರುತ್ತದೆ ಅಂತ ಊರಿಗೆಲ್ಲ ಗೊತ್ತು. ಹಾಗಿದ್ದ ಮೇಲೆ ಊರು ಇನ್ನೂ ಯಾಕೆ ಎರಡಾಗಿದೆ?"

ಯಾರೂ ಉತ್ತರ ಹೇಳಲಿಲ್ಲ. ನಾನೂ ಸುಮ್ಮನಿದ್ದೆ. ಹೇಳಲು ನನ್ನ ಬಳಿ ಒಂದಿಷ್ಟು ಇತ್ತು. ಆದರೆ ಅದರ ಜೊತೆ ನಮ್ಮ ಮನೆಯ ಒಂದು ಸಂಗತಿಯನ್ನೂ ಹೇಳಬೇಕಾಗಿತ್ತು, ಎದುರಿಗೆ ಕೂತು ಹೇಳುವ ಧೈರ್ಯ ಬರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಶುರು ಮಾಡುವುದು ಒಂದು ಅಮೆರಿಕದ ಕಾದಂಬರಿಯಿಂದ. ಡಿಗ್ರಿ ಓದುತ್ತಿರುವ ನನ್ನ ಮಗಳು ರಜೆಯಲ್ಲಿ ಅದನ್ನು ಓದುತ್ತಿದ್ದಳು. ಹೆಸರು 'ಡ್ರೆಡ್ ನೇಷನ್'. ಬರೆದವರು ಜಸ್ಟಿನಾ ಐರ್ಲೆಂಡ್ ಎಂಬ ಕಪ್ಪು ಲೇಖಕಿ, ಬಂದದ್ದು 2018ರಲ್ಲಿ. ಹದಿಹರೆಯದವರಿಗೆಂದು ಬರೆದ ಪುಸ್ತಕ. "ಏನೇ ಅದು?" ಎಂದೆ. "ಜಾಂಬಿ ಕಥೆ ಅಮ್ಮ" ಎಂದಳು. ಸತ್ತವರು ಎದ್ದು ಬಂದು ಬದುಕಿದ್ದವರನ್ನು ಕಚ್ಚುವ ಕಥೆ. ಕನ್ನಡ ಎಂ.ಎ. ಮಾಡಿದ ನನಗೆ ಇಂಥ ಪುಸ್ತಕಗಳ ಬಗ್ಗೆ ಸ್ವಲ್ಪ ಅಸಡ್ಡೆ ಇತ್ತು, ಒಪ್ಪಿಕೊಳ್ಳುತ್ತೇನೆ. "ಇದರಲ್ಲಿ ನಮ್ಮ ತಾತನ ಕೆಲಸ ಇದೆ, ಓದಿ ನೋಡು" ಎಂದಳು. ಆಮೇಲೆ ಅವಳ ಸಹಾಯದಿಂದ ನಿಧಾನವಾಗಿ ನಾನೂ ಓದಿದೆ.

ಮೊದಲು ಈ ಜಾಂಬಿ ಎನ್ನುವುದು ಎಲ್ಲಿಂದ ಬಂತು ಎಂದು ತಿಳಿಯಬೇಕು. ಅದು ಸಿನಿಮಾದವರು ಹುಟ್ಟಿಸಿದ ಭೂತವಲ್ಲ. ಇಂದಿನ ಹೈಟಿ ದೇಶ ಒಂದು ಕಾಲಕ್ಕೆ ಫ್ರೆಂಚರ ವಸಾಹತು. ಆಫ್ರಿಕಾದಿಂದ ಹಿಡಿದು ತಂದ ಗುಲಾಮರು ಅಲ್ಲಿನ ಕಬ್ಬಿನ ತೋಟಗಳಲ್ಲಿ ದುಡಿದು ಸಾಯುತ್ತಿದ್ದರು. ಸತ್ತ ಮೇಲಾದರೂ ತಾಯ್ನಾಡಿಗೆ ಮರಳುತ್ತೇವೆ ಎಂಬುದು ಅವರಿಗಿದ್ದ ಒಂದೇ ಸಮಾಧಾನ. ಸತ್ತ ಮೇಲೂ ಒಬ್ಬ ಒಡೆಯ ಎಬ್ಬಿಸಿ ಮತ್ತೆ ದುಡಿಸಿಕೊಂಡರೆ? ಆ ಭಯವೇ ಜಾಂಬಿ. ಸಾವೂ ಬಿಡಿಸದ ಗುಲಾಮಗಿರಿ. ಅದೇ ಜನ 1791ರಲ್ಲಿ ದಂಗೆ ಎದ್ದು, 1804ರಲ್ಲಿ ಸ್ವತಂತ್ರ ದೇಶ ಕಟ್ಟಿದರು ಎನ್ನುವುದನ್ನೂ ನೆನಪಿಡೋಣ.

ಮುಂದೆ ಈ ಕಥೆ ಅಮೆರಿಕದ ಸಿನಿಮಾ ಸೇರಿತು. 1968ರಲ್ಲಿ ಜಾರ್ಜ್ ರೊಮೆರೊ 'ನೈಟ್ ಆಫ್ ದಿ ಲಿವಿಂಗ್ ಡೆಡ್' ತೆಗೆದರು. ಅದರ ನಾಯಕನ ಪಾತ್ರದಲ್ಲಿ ಡ್ವೇನ್ ಜೋನ್ಸ್ ಎಂಬ ಕಪ್ಪು ನಟ. ಆತ ರಾತ್ರಿಯಿಡೀ ಸತ್ತವರ ವಿರುದ್ಧ ಹೋರಾಡಿ ಬದುಕಿ ಉಳಿಯುತ್ತಾನೆ. ಬೆಳಗ್ಗೆ ಕಾಪಾಡಲು ಬಂದ ಬಿಳಿಯರ ಬಂದೂಕು ಪಡೆ ಅವನನ್ನೇ ಗುಂಡಿಟ್ಟು ಕೊಲ್ಲುತ್ತದೆ. ಸತ್ತವರಿಂದ ಉಳಿದವನು ಬದುಕಿದ್ದವರಿಂದ ಉಳಿಯಲಿಲ್ಲ.

ಇನ್ನು 'ಡ್ರೆಡ್ ನೇಷನ್'. 1863ರ ಜುಲೈನಲ್ಲಿ ಅಮೆರಿಕದ ಅಂತರ್ಯುದ್ಧದಲ್ಲಿ ಗೆಟ್ಟಿಸ್‌ಬರ್ಗ್ ಎಂಬಲ್ಲಿ ಮೂರು ದಿನ ಘೋರ ಕದನ ನಡೆಯಿತು. ಇದು ನಿಜವಾದ ಇತಿಹಾಸ. ಕಾದಂಬರಿ ಇಲ್ಲಿಂದ ದಾರಿ ಬದಲಿಸುತ್ತದೆ. ಆ ರಣರಂಗದಲ್ಲಿ ಸತ್ತ ಸೈನಿಕರು ಎದ್ದು ನಡೆಯತೊಡಗುತ್ತಾರೆ. ಉತ್ತರದವರು ದಕ್ಷಿಣದವರು ಎನ್ನದೆ ಎಲ್ಲರನ್ನೂ ಕಚ್ಚುತ್ತಾರೆ. ಕಚ್ಚಿಸಿಕೊಂಡವರೂ ಹಾಗೇ ಆಗುತ್ತಾರೆ. ಯುದ್ಧ ನಿಲ್ಲುತ್ತದೆ, ಗುಲಾಮಗಿರಿಯೂ ಹೆಸರಿಗೆ ನಿಲ್ಲುತ್ತದೆ.

ಈಗ ನೀವೇ ಯೋಚಿಸಿ. ಇಂಥ ಕಾಲದಲ್ಲಿ ಮನುಷ್ಯರು ಏನು ಮಾಡಬೇಕು? ಎಲ್ಲರೂ ಒಂದಾಗಬೇಕು. ಕಚ್ಚುವ ಹೆಣ ಚರ್ಮದ ಬಣ್ಣ ನೋಡುವುದಿಲ್ಲವಲ್ಲ. ಆದರೆ ಆ ದೇಶ ಒಂದು ಕಾನೂನು ಮಾಡುತ್ತದೆ. ಕಪ್ಪು ಮಕ್ಕಳನ್ನೂ ಅಲ್ಲಿನ ಮೂಲನಿವಾಸಿಗಳ ಮಕ್ಕಳನ್ನೂ ಎಳೆಯ ವಯಸ್ಸಿನಲ್ಲೇ ತಾಯ್ತಂದೆಯರಿಂದ ಬಿಡಿಸಿ ಕಾಳಗದ ಶಾಲೆಗಳಿಗೆ ಸೇರಿಸಬೇಕು. ಹೆಣಗಳ ಎದುರು ನಿಂತು ಬಿಳಿಯರನ್ನು ಕಾಯಲು ಅವರನ್ನು ತಯಾರು ಮಾಡಬೇಕು. ಮಕ್ಕಳನ್ನು ಹೀಗೆ ಬಿಡಿಸಿ ಒಯ್ಯುವುದು ಬರೀ ಕಲ್ಪನೆಯಲ್ಲ. 1879ರಲ್ಲಿ ಪೆನ್ಸಿಲ್ವೇನಿಯಾದ ಕಾರ್ಲೈಲ್‌ನಲ್ಲಿ ರಿಚರ್ಡ್ ಪ್ರ್ಯಾಟ್ ಎಂಬ ಸೇನಾಧಿಕಾರಿ ಮೂಲನಿವಾಸಿ ಮಕ್ಕಳಿಗೆಂದು ವಸತಿಶಾಲೆ ತೆರೆದ. ಮಕ್ಕಳ ಕೂದಲು ಕತ್ತರಿಸಿದರು, ಹೆಸರು ಬದಲಿಸಿದರು, ತಾಯ್ನುಡಿ ಬಿಡಿಸಿದರು. ಆ ಶಾಲೆ 1918ರವರೆಗೂ ನಡೆಯಿತು. ಶಿಕ್ಷಕಿಯಾಗಿ ಇದನ್ನು ಓದುವಾಗ ನನಗೆ ಕಸಿವಿಸಿಯಾಯಿತು. ಶಾಲೆ ಎಂದರೆ ಬಿಡುಗಡೆ ಎಂದೇ ಬಾಬಾಸಾಹೇಬರಿಂದ ಕಲಿತವರು ನಾವು. ಶಾಲೆಯೂ ಬೇಡಿಯಾಗಬಹುದು.

ಕಾದಂಬರಿಯ ಹುಡುಗಿ ಜೇನ್ ಇಂಥ ಒಂದು ಶಾಲೆಯಲ್ಲಿ ಕಲಿಯುತ್ತಾಳೆ, ಬಾಲ್ಟಿಮೋರ್ ನಗರದ ಹತ್ತಿರ. ಅವಳ ಮೆಚ್ಚಿನ ಆಯುಧ ಕುಡುಗೋಲು. ಒಂದು ದಿನ ಬಿಳಿಯ ಪ್ರಾಧ್ಯಾಪಕನೊಬ್ಬ ಸಭೆಯಲ್ಲಿ ತನ್ನ ಹೊಸ ಲಸಿಕೆ ತೋರಿಸುತ್ತಾನೆ. ಪರೀಕ್ಷೆಗೆ ನಿಲ್ಲಿಸಿದ್ದು ಒಬ್ಬ ಕಪ್ಪು ಮನುಷ್ಯನನ್ನು. ಲಸಿಕೆ ಕೆಲಸ ಮಾಡುವುದಿಲ್ಲ. ಆತ ಎಲ್ಲರ ಕಣ್ಣೆದುರೇ ಜಾಂಬಿಯಾಗುತ್ತಾನೆ. ಸಭೆಯನ್ನು ಕಾಪಾಡಲು ಮುಂದೆ ನುಗ್ಗುವವಳು ಜೇನ್.

ಮುಂದೆ ಅವಳನ್ನೂ ಅವಳ ಸಹಪಾಠಿ ಕ್ಯಾಥರೀನಳನ್ನೂ ದೂರದ ಕಾನ್ಸಾಸ್‌ನ ಸಮ್ಮರ್‌ಲ್ಯಾಂಡ್ ಎಂಬ ಊರಿಗೆ ಸಾಗಿಸುತ್ತಾರೆ. ಬಿಳಿಯರು ನೆಮ್ಮದಿಯಾಗಿ ಬಾಳಲೆಂದು ಕಟ್ಟಿದ ಊರು ಅದು. ಕಾವಲು ಕಾಯುವವರು ಕಪ್ಪು ಜನ. ಅವರಿಗೆ ಕೊಡುವ ಅನ್ನವೂ ಕಳಪೆ, ಆಯುಧವೂ ಕಳಪೆ. ಕ್ಯಾಥರೀನ್ ಬಣ್ಣದಲ್ಲಿ ಬಿಳಿಯಳಂತೆ ಕಾಣುವವಳು. ಬದುಕಿ ಉಳಿಯಲು ಅಲ್ಲಿ ಆಕೆ ಬಿಳಿಯಳೆಂದೇ ನಟಿಸಬೇಕಾಗುತ್ತದೆ. ಕೊನೆ ಏನಾಗುತ್ತದೆ ಎಂದು ಹೇಳುವುದಿಲ್ಲ, ಮಕ್ಕಳು ಓದಿಕೊಳ್ಳಲಿ.

ಅಮೆರಿಕದ ಕಪ್ಪು ಜನರ ಕಥೆ ನಮಗೇಕೆ ಎಂದು ಯಾರಾದರೂ ಕೇಳಿದರೆ ಉತ್ತರ ನಮ್ಮ ಹಿರಿಯರಲ್ಲೇ ಇದೆ. ಜೋತಿಬಾ ಫುಲೆಯವರು 1873ರ ತಮ್ಮ 'ಗುಲಾಮಗಿರಿ' ಪುಸ್ತಕವನ್ನು, ಗುಲಾಮಗಿರಿ ತೊಡೆಯಲು ಹೋರಾಡಿದ ಅಮೆರಿಕದ ಜನರಿಗೆ ಅರ್ಪಿಸಿದರು. 1946ರಲ್ಲಿ ಬಾಬಾಸಾಹೇಬರು ಕಪ್ಪು ಜನರ ದೊಡ್ಡ ಚಿಂತಕ ಡಬ್ಲ್ಯೂ.ಇ.ಬಿ. ಡುಬಾಯ್ಸ್ ಅವರಿಗೆ ಪತ್ರ ಬರೆದರು, ಅವರು ಉತ್ತರವನ್ನೂ ಬರೆದರು. 1972ರಲ್ಲಿ ದಲಿತ್ ಪ್ಯಾಂಥರ್ಸ್ ಹೆಸರು ಬಂದದ್ದೂ ಅಲ್ಲಿನ ಬ್ಲ್ಯಾಕ್ ಪ್ಯಾಂಥರ್ಸ್ ಅವರಿಂದ.

ಈಗ ನನ್ನ ಮಗಳು ಹೇಳಿದ 'ತಾತನ ಕೆಲಸ'ಕ್ಕೆ ಬರುತ್ತೇನೆ.

ನನ್ನ ತಾತ ಊರಿನ ಕುಳವಾಡಿ. ಊರಿನಲ್ಲಿ ಯಾರು ಸತ್ತರೂ ಸುತ್ತಲಿನ ಹಳ್ಳಿಗಳ ನೆಂಟರಿಗೆ ಸುದ್ದಿ ಮುಟ್ಟಿಸುವುದು, ಗುಂಡಿ ತೆಗೆಯುವುದು, ಹೆಣದ ಮುಂದೆ ತಮಟೆ ಬಾರಿಸುವುದು ನಮ್ಮ ಕೇರಿಯವರ ಪಾಲು. ಸತ್ತ ದನ ಸಾಗಿಸುವುದೂ ನಮ್ಮದೇ. ಸುಗ್ಗಿಯಲ್ಲಿ ಕಣದ ಬದಿಗೆ ನಿಂತರೆ ಆಯವೆಂದು ಒಂದಷ್ಟು ರಾಗಿ. ಮಧ್ಯರಾತ್ರಿಯಾಗಲಿ ಮಳೆಯಾಗಲಿ, ಕರೆ ಬಂದರೆ ತಾತ ಹೊರಡಬೇಕು. ಸುತ್ತಲಿನ ಹತ್ತು ಹಳ್ಳಿಯಲ್ಲಿ ಯಾರ ಮನೆಯಲ್ಲಿ ಯಾವಾಗ ಯಾರು ಹೋದರು ಎಂದು ತಾತನಿಗೆ ಬಾಯಿಪಾಠ ಇತ್ತು. ಆದರೆ ಎಲ್ಲ ಸುದ್ದಿಯನ್ನೂ ಅವರು ಬೀದಿಯಲ್ಲಿ ನಿಂತೇ ಹೇಳಿದ್ದು.

ಕಿಸಾ ಗೋತಮಿಯ ಕಥೆ ಕೇಳುವಾಗೆಲ್ಲ ನನಗೆ ತಾತ ನೆನಪಾಗುತ್ತಾರೆ. ಗೋತಮಿ ಮನೆ ಮನೆಯ ಬಾಗಿಲಿಗೆ ಹೋಗಿ ಸಾಸಿವೆ ಕೇಳಬಹುದಿತ್ತು. ಅವಳ ಕೈ ಮುಟ್ಟಿದರೆ ಆ ಮನೆಯ ಅಡುಗೆ ಮೈಲಿಗೆಯಾಗುತ್ತಿರಲಿಲ್ಲ. ತಾತನೂ ಅಷ್ಟೇ ಮನೆಗಳ ಸಾವನ್ನು ಬಲ್ಲವರು. ಆದರೆ ಯಾರ ಮನೆಯ ಅಡುಗೆಮನೆಯನ್ನೂ ಕಂಡವರಲ್ಲ.

ಈ ಬೇಸಿಗೆಯಲ್ಲಿ ಊರಿನ ದೊಡ್ಡ ಮನೆಯ ಅಜ್ಜಿ ತೀರಿಕೊಂಡರು. ಕೆಟ್ಟವರಲ್ಲ. ನಾನು ಎಸ್ಸೆಸ್ಸೆಲ್ಸಿ ಪಾಸಾದಾಗ ಕಾಲೇಜಿಗೆ ಸೇರಲು ಸೆರಗಿನ ಗಂಟು ಬಿಚ್ಚಿ ಹಣ ಕೊಟ್ಟವರು. ಅದೇ ಅಜ್ಜಿ ನನಗೆ ನೀರು ಕೊಡುವಾಗ ಬೊಗಸೆಗೆ ಮೇಲಿಂದ ಹುಯ್ಯುತ್ತಿದ್ದರು. ಎರಡೂ ನಿಜ. ಸುದ್ದಿ ಕೇಳಿ ನನಗೆ ಅಳು ಬಂತು, ರಜೆ ಹಾಕಿ ಹೋದೆ.

ಹೋಗುವ ಹೊತ್ತಿಗೆ ನಮ್ಮ ಕೇರಿಯಲ್ಲಿ ಜಗಳ. ಈಗ ಸುದ್ದಿ ಹೇಳಲು ಎಲ್ಲರ ಕೈಯಲ್ಲೂ ಮೊಬೈಲ್ ಇದೆ, ಅದಕ್ಕೆ ನಾವು ಬೇಕಿಲ್ಲ. ಗುಂಡಿಗೆ ಮಾತ್ರ ಇನ್ನೂ ನಾವೇ. ದೊಡ್ಡ ಮನೆಯಿಂದ ಕರೆ ಬಂದಿತ್ತು. ನನ್ನ ಚಿಕ್ಕಪ್ಪನಿಗೆ ಎಪ್ಪತ್ತರ ಹತ್ತಿರ, ಮಂಡಿನೋವು. ಆದ್ದರಿಂದ ಮಗನಿಗೆ ಹೋಗು ಎಂದಿದ್ದಾರೆ. ಅವನು ಡಿಗ್ರಿ ಮುಗಿಸಿದವನು, ಹೋಗುವುದಿಲ್ಲ ಎಂದು ಕೂತಿದ್ದ.

ಚಿಕ್ಕಪ್ಪ ನನ್ನನ್ನು ಕಂಡು, "ನೀನಾದ್ರೂ ಬುದ್ಧಿ ಹೇಳವ್ವ. ಸತ್ತೋರ ಹತ್ರ ಎಂಥ ಹಟ? ಹೆಣಕ್ಕೆ ಯಾವ ಜಾತಿ? ನೀವು ಬುದ್ಧನ ಪಟ ಇಟ್ಕೊಂಡಿದ್ದೀರಿ, ಕರುಣೆ ಅಂತೀರಿ. ಇದೇನಾ ಕರುಣೆ?" ಎಂದರು.

ತಮ್ಮ ಎದ್ದು ನಿಂತ. "ಹೆಣಕ್ಕೆ ಜಾತಿ ಇಲ್ಲ ಅಪ್ಪ, ನಾನೂ ಒಪ್ತೀನಿ. ಗುಂಡಿ ತೋಡೋ ಗುದ್ದಲಿಗೆ ಯಾಕೆ ಜಾತಿ ಐತೆ? ಅವರ ಮನೆಯಿಂದ ಒಬ್ಬ ಗುದ್ದಲಿ ಹಿಡ್ಕೊಂಡು ಬರಲಿ, ಜೊತೆಗೆ ನಾನೇ ಮೊದಲು ಇಳೀತೀನಿ."

ನಾನು ಏನೂ ಹೇಳಲಿಲ್ಲ. ದೊಡ್ಡ ಮನೆಗೆ ಹೋದೆ. ಜನ "ಟೀಚರು ಬಂದ್ರು" ಎಂದು ದಾರಿ ಬಿಟ್ಟರು. ಜಗುಲಿಯವರೆಗೆ ಹೋಗಿ ನಿಂತೆ. ಒಳಗೆ ಬನ್ನಿ ಎಂದು ಯಾರೂ ಕರೆಯಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಕೈ ಮುಗಿದು ಅಲ್ಲೇ ನಿಂತೆ. ಆ ಮನೆಯ ಹಿರಿಯ ಮಗ ಬಂದು, "ಟೀಚರೇ, ನಿಮ್ಮ ಹುಡುಗನಿಗೆ ಒಂದು ಮಾತು ಹೇಳಿ" ಎಂದರು. ನಾನು "ನೋಡ್ತೀನಿ" ಎಂದೆ.

ನೋಡ್ತೀನಿ. ಇಷ್ಟು ವರ್ಷ ಓದಿ, ಓದಿಸಿ, ಬಾಬಾಸಾಹೇಬರ ಜಯಂತಿಯಲ್ಲಿ ಭಾಷಣ ಮಾಡಿ, ಬಾಯಿಂದ ಬಂದದ್ದು ಅದೊಂದು ಮಾತು.

ಮುಂದೆ ನಡೆದದ್ದು ಇದು. ಒಂದು ಗಂಟೆ ಕಾದರು. ಆ ಮನೆಯಲ್ಲಿ, ಆ ಬೀದಿಯಲ್ಲಿ ಗಟ್ಟಿಮುಟ್ಟಾದ ಗಂಡಸರು ಮೂವತ್ತು ನಲವತ್ತು ಜನ ಇದ್ದರು. ಹೊಲದಲ್ಲಿ ದಿನವೂ ಗುದ್ದಲಿ ಹಿಡಿಯುವವರೇ. ಒಬ್ಬರೂ ಮುಂದೆ ಬರಲಿಲ್ಲ. ಜೆಸಿಬಿ ತರಿಸಿದರು. ಬಾಡಿಗೆ ಕೊಟ್ಟು ಯಂತ್ರ ತರಿಸುವುದು ಸುಲಭವಾಯಿತು. ಆ ಒಂದು ಗುದ್ದಲಿ ಹಿಡಿಯುವುದು ಕಷ್ಟವಾಯಿತು.

ಯಂತ್ರ ಗುಂಡಿ ತೆಗೆಯಿತು. ಆದರೆ ತಳ ಸಮ ಆಗಲಿಲ್ಲ, ಒಂದು ಬದಿ ಕುಸಿದಿತ್ತು. ಯಾರಾದರೂ ಇಳಿದು ಸರಿ ಮಾಡಬೇಕಿತ್ತು. ಎಲ್ಲರೂ ಮುಖ ಮುಖ ನೋಡುವಾಗ ನನ್ನ ಚಿಕ್ಕಪ್ಪ, ಮಂಡಿನೋವಿನವರು, ಯಾರೂ ಕರೆಯದೆ ಗುದ್ದಲಿ ತಗೊಂಡು ಇಳಿದರು. ನಾಲ್ಕು ಮೂಲೆ ನೇರ ಮಾಡಿ ಮೇಲೆ ಬಂದರು. ಮನೆಗೆ ಬಂದು ಆ ರಾತ್ರಿ ಊಟ ಮಾಡಲಿಲ್ಲ. ಮಗನ ಹತ್ತಿರ ಮಾತಾಡಲಿಲ್ಲ. ಅವನೂ ಊಟ ಮಾಡಲಿಲ್ಲ.

ಇದನ್ನೆಲ್ಲ ಕೇಳಿದ ಮೇಲೆ ನನ್ನ ಮಗಳು ಆ ಪುಸ್ತಕ ಓದು ಎಂದದ್ದು. ಓದಿ ಮುಗಿಸಿದಾಗ ಅವಳು ಕೇಳಿದ ಪ್ರಶ್ನೆ: "ಅಮ್ಮ, ಜೇನ್ ತನ್ನನ್ನು ಮನುಷ್ಯಳೆಂದು ಎಣಿಸದ ಜನರನ್ನೂ ಕಾಪಾಡ್ತಾಳಲ್ಲ, ಅದು ಕರುಣೆಯಾ, ಗುಲಾಮಗಿರಿಯಾ? ಚಿಕ್ಕತಾತ ಮಾಡಿದ್ದು?"

ಹಲವು ದಿನ ಯೋಚಿಸಿದೆ. ನನಗೆ ತೋಚಿದ್ದನ್ನು ಬಳಗದ ಮುಂದೆ ಇಡುತ್ತೇನೆ. ತಪ್ಪಿದ್ದರೆ ತಿದ್ದಿ.

*ಮೊದಲನೆಯದು.* ಸಾವು ತಾನಾಗಿ ಯಾರಿಗೂ ಸಮತೆ ಕಲಿಸುವುದಿಲ್ಲ. ಸಮ್ಮರ್‌ಲ್ಯಾಂಡಿನ ಗೋಡೆಯಾಚೆ ಸಾವು ಕಾಲೆಳೆದುಕೊಂಡು ತಿರುಗುತ್ತಿತ್ತು. ಆದರೂ ಆ ಜನ ಕಲಿಯಲಿಲ್ಲ. ಕೊರೊನಾ ಕಾಲದಲ್ಲಿ ರೋಗ ಎಲ್ಲರಿಗೂ ಬಂತು, ಬೀದಿ ಗುಡಿಸುವ ಕೆಲಸ ಮಾತ್ರ ಎಲ್ಲರಿಗೂ ಬರಲಿಲ್ಲ. ಬಾಬಾಸಾಹೇಬರು ಇದನ್ನು ಚೆನ್ನಾಗಿ ಕಂಡಿದ್ದರು. ಸಿದ್ಧಾರ್ಥ ಮುದುಕನನ್ನು, ರೋಗಿಯನ್ನು, ಹೆಣವನ್ನು ನೋಡಿ ಮನೆ ಬಿಟ್ಟ ಎಂಬ ಕಥೆಯನ್ನು ಅವರು ಒಪ್ಪಲಿಲ್ಲ. ಇಪ್ಪತ್ತೊಂಬತ್ತು ವರ್ಷದವನು ಅಲ್ಲಿಯವರೆಗೆ ಹೆಣವನ್ನೇ ನೋಡಿರಲಿಲ್ಲವೇ ಎಂದು ಕೇಳಿದರು. 1957ರಲ್ಲಿ ಪ್ರಕಟವಾದ 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಅವರು ಹೇಳುವ ಕಾರಣ ಬೇರೆ: ರೋಹಿಣಿ ನದಿಯ ನೀರಿಗಾಗಿ ಶಾಕ್ಯರಿಗೂ ಕೋಲಿಯರಿಗೂ ಬಂದ ಜಗಳ. ಸಿದ್ಧಾರ್ಥ ಯುದ್ಧ ಬೇಡ ಎಂದ, ಸಂಘದ ಬಹುಮತ ಬೇಕು ಎಂದಿತು, ಆತ ನಾಡು ತೊರೆದ. ಅಂದರೆ ಅವನನ್ನು ಎಬ್ಬಿಸಿದ್ದು ಸಾವಲ್ಲ, ಮನುಷ್ಯ ಮನುಷ್ಯನಿಗೆ ಮಾಡುವ ಅನ್ಯಾಯ. ಹಿರಿಯ ಉಪಾಸಕರ ಪ್ರಶ್ನೆಗೆ ಇದು ಅರ್ಧ ಉತ್ತರ. ಎಲ್ಲರೂ ಸಾಯುತ್ತೇವೆ ಎಂದು ತಿಳಿದ ಮಾತ್ರಕ್ಕೆ ಊರು ಒಂದಾಗದು. ಬದುಕಿರುವಾಗ ಕೆಲಸ ಹೇಗೆ ಹಂಚಿದ್ದೇವೆ ಎಂದು ನೋಡಬೇಕು.

*ಎರಡನೆಯದು.* ಸಮತೆ ಇಲ್ಲದ ಕಡೆ ಕರುಣೆಯೂ ಬಿಟ್ಟಿ ಚಾಕರಿಯಾಗುತ್ತದೆ. ದಾನ ಎಂದರೇನು? ಕೊಡದೇ ಇರಬಹುದಾಗಿದ್ದವನು ಕೊಡುವುದು. ಕೊಡಲೇಬೇಕಾದವನು ಕೊಟ್ಟರೆ ಅದಕ್ಕೆ ಕಂದಾಯ ಎನ್ನುತ್ತೇವೆ. ಹಾಗೆಯೇ ಆಗುವುದಿಲ್ಲ ಎನ್ನಲು ಬಾಯಿಲ್ಲದವನು ಮಾಡಿದ ಸೇವೆಯನ್ನು ಕರುಣೆ ಎಂದು ಹೊಗಳುವುದು ಹೊಗಳುವವರಿಗೆ ಲಾಭ. ನನ್ನ ತಾತನನ್ನು ಊರು ಬಹಳ ಹೊಗಳುತ್ತಿತ್ತು. ಆ ಹೊಗಳಿಕೆಗೆ ಒಂದು ಸೇರು ರಾಗಿ ಹೆಚ್ಚು ಬರಲಿಲ್ಲ.

1927ರ ಮಾರ್ಚ್‌ನಲ್ಲಿ ಮಹಾಡ್‌ನಲ್ಲಿ ಬಾಬಾಸಾಹೇಬರು ಸತ್ತ ದನದ ಮಾಂಸ ಬಿಡಿ ಎಂದು ಕರೆ ಕೊಟ್ಟದ್ದು ನಮಗೆಲ್ಲ ಗೊತ್ತು. ಹುಟ್ಟಿನಿಂದ ಅಂಟಿದ್ದನ್ನು ಮೊದಲು ಕೈಬಿಡಬೇಕು. ಬಿಟ್ಟ ಮೇಲೆಯೇ ನಮ್ಮ ಕೈ ನಮ್ಮದಾಗುತ್ತದೆ. ನನ್ನ ತಮ್ಮ ಬೇಡ ಎಂದದ್ದು ಹೆಣಕ್ಕಲ್ಲ, ಆ ಅಂಟಿಗೆ. ಅವನು ಕೇಳಿದ್ದೂ ಬಹಳ ಸಣ್ಣದು, ಜೊತೆಗೆ ಇನ್ನೊಂದು ಗುದ್ದಲಿ. ಅದರಲ್ಲಿ ಕರುಣೆಯೂ ಇತ್ತು, ಸಮತೆಯೂ ಇತ್ತು.

*ಮೂರನೆಯದು.* ಹಾಗಾದರೆ ಚಿಕ್ಕಪ್ಪನದು ಗುಲಾಮಗಿರಿಯೇ? ಹಾಗೆ ತೀರ್ಪು ಕೊಡಲು ನನಗೆ ಮನಸ್ಸು ಬಾರದು. ಆ ದಿನ ಅವರನ್ನು ಯಾರೂ ಕರೆದಿರಲಿಲ್ಲ. ಯಂತ್ರ ಬಂದಿತ್ತು, ಅವರು ಮನೆಯಲ್ಲೇ ಇರಬಹುದಿತ್ತು. ಬಹುಶಃ ಜೀವಮಾನದಲ್ಲಿ ಮೊದಲ ಸಲ ಅವರು ಯಾರ ಕರೆಯೂ ಇಲ್ಲದೆ ಗುಂಡಿಗೆ ಇಳಿದರು. ಅದು ಕರುಣೆಯೇ ಇರಬಹುದು. ಆ ಅವಕಾಶ ಸಿಕ್ಕಿದ್ದು ಮಗ ಬೇಡ ಎಂದದ್ದರಿಂದ. ಇದನ್ನು ಇಬ್ಬರಿಗೂ ಹೇಳಿದೆ. ಚಿಕ್ಕಪ್ಪ ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, "ತಳ ಸೊಟ್ಟ ಇತ್ತು ಕಣವ್ವ, ಹಂಗೇ ಬಿಡಕ್ಕಾಗುತ್ತಾ" ಎಂದರು.

ಜೇನ್ ಕೂಡ ಹೀಗೆಯೇ. ಕುಡುಗೋಲು ಬೀಸುವುದರಲ್ಲಿ ಅವಳಿಗೆ ಹೆಮ್ಮೆ ಇದೆ, ಇರಲಿ. ಆದರೆ ಇದಕ್ಕೆಂದೇ ನಾನು ಹುಟ್ಟಿದೆ ಎಂಬ ಮಾತನ್ನು ಅವಳು ಒಪ್ಪುವುದಿಲ್ಲ. ಕಲಿತ ವಿದ್ಯೆ ನಮ್ಮದು. ಹಣೆಗೆ ಅಂಟಿಸಿದ ಕಸುಬು ನಮ್ಮದಲ್ಲ.

*ಕೊನೆಯದು ನನ್ನ ಬಗ್ಗೆ.* ಪುಸ್ತಕದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಜೇನ್ ಅಲ್ಲ, ಕ್ಯಾಥರೀನ್. ಗೋಡೆಯ ಒಳಗೆ ಜಾಗ ಸಿಕ್ಕವಳು. ಪಟ್ಟಣದಲ್ಲಿ ಬಾಡಿಗೆ ಮನೆ ಕೇಳುವಾಗ "ನೀವು ಯಾವ ಜನ?" ಎಂದರೆ ನಾನು "ಟೀಚರು" ಎಂದು ಮಾತು ತಿರುಗಿಸಿದ್ದುಂಟು. ಓದು ನನ್ನನ್ನು ಜಗುಲಿಯವರೆಗೆ ತಂದಿತು. ಜಗುಲಿಯಲ್ಲಿ ನಿಂತವಳು ತಮ್ಮನ ಪರವಾಗಿ ಒಂದು ಮಾತು ಆಡಬೇಕಿತ್ತು: "ಅವನು ಕೇಳಿದ್ದು ನ್ಯಾಯ. ನಿಮ್ಮಲ್ಲೊಬ್ಬರು ಬನ್ನಿ." ಅಷ್ಟೇ ಸಾಕಿತ್ತು. ಅಷ್ಟು ಹೇಳಿದ್ದರೆ ಒಬ್ಬನಾದರೂ ಬರುತ್ತಿದ್ದನೋ ಏನೋ. ಬರದಿದ್ದರೂ, ಕೇಳಿದ್ದು ಒಬ್ಬ ಹಟಮಾರಿ ಹುಡುಗ ಮಾತ್ರ ಎಂದು ಊರು ಹೇಳುವಂತಿರುತ್ತಿರಲಿಲ್ಲ. ಪಂಚಶೀಲದಲ್ಲಿ ಸುಳ್ಳು ಹೇಳಬಾರದು ಎಂದಿದೆ. ಹೇಳಬೇಕಾದ ಹೊತ್ತಿನಲ್ಲಿ "ನೋಡ್ತೀನಿ" ಎನ್ನುವುದೂ ಒಂದು ಸುಳ್ಳೇ ಎಂದು ನನಗೆ ಈಗ ಅನ್ನಿಸುತ್ತದೆ.

'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಸೋಪಾಕನ ಕಥೆ ಬರುತ್ತದೆ. ಸ್ಮಶಾನದಲ್ಲಿ ಹುಟ್ಟಿ, ಸ್ಮಶಾನ ಕಾಯುವವನ ಮನೆಯಲ್ಲಿ ಬೆಳೆದ ಹುಡುಗ. ಬುದ್ಧರು ಅವನಿಗೆ, ನಿನ್ನ ಕೆಲಸ ದೊಡ್ಡದು, ಅದನ್ನೇ ಶ್ರದ್ಧೆಯಿಂದ ಮಾಡಿಕೊಂಡಿರು ಎಂದು ಉಪದೇಶ ಮಾಡಲಿಲ್ಲ. ಸಂಘಕ್ಕೆ ಸೇರಿಸಿಕೊಂಡರು. ಎಲ್ಲರ ಪಕ್ಕದಲ್ಲಿ ಕೂರಿಸಿದರು. ಕರುಣೆ ಎಂದರೆ ಅದು.

*ಇಂದು ಯೋಚಿಸಲು:* ನಮ್ಮ ಮನೆಯಲ್ಲಿ, ಶಾಲೆಯಲ್ಲಿ, ಕಚೇರಿಯಲ್ಲಿ, "ಇದು ಅವರ ಕೆಲಸ" ಎಂದು ಯಾರೂ ಕೇಳದೆ ಬಿಟ್ಟಿರುವ ಕೆಲಸ ಯಾವುದು? ಅದನ್ನು ಮಾಡುವವರಿಗೆ ಇವತ್ತು ಆಗುವುದಿಲ್ಲ ಎನ್ನುವ ಬಾಯಿ ಇದೆಯೇ? ಇಲ್ಲದಿದ್ದರೆ, ಅವರ ಪಕ್ಕದಲ್ಲಿ ಇನ್ನೊಂದು ಗುದ್ದಲಿ ಹಿಡಿಯಲು ನಾನು ತಯಾರಿದ್ದೇನೆಯೇ?

ಮುಂದಿನ ಭಾನುವಾರ ನನ್ನ ತಮ್ಮನನ್ನು ಬಳಗಕ್ಕೆ ಕರೆತರುತ್ತೇನೆ. ಚಿಕ್ಕಪ್ಪನೂ ಬರುತ್ತೇನೆ ಎಂದಿದ್ದಾರೆ. ಹಿರಿಯರು ಇಬ್ಬರ ಮಾತನ್ನೂ ಕೇಳಬೇಕೆಂದು ನನ್ನ ಕೋರಿಕೆ.

ಎಲ್ಲರಿಗೂ ಮಂಗಳವಾಗಲಿ.

ನಮೋ ಬುದ್ಧಾಯ. ಜೈ ಭೀಮ್.

— ನಿಮ್ಮ ಬಳಗದ ಒಬ್ಬ ಕನ್ನಡ ಶಿಕ್ಷಕಿ